ಬೇಸಿಗೆಯಲ್ಲಿ ಇಂಧನದ ತಾಪಮಾನ: ಎಂಜಿನ್ ಕಾರ್ಯಕ್ಷಮತೆ ಹಾಗೂ ಸುರಕ್ಷತೆ

(ಸಾರ್ವಜನಿಕರ ಮಾಹಿತಿಗಾಗಿ)

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಹಗಲಿನ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ತಲುಪುವುದು ಸಾಮಾನ್ಯ. ಈ ದಿನಗಳಲ್ಲಿ ಬೆಳಗಿನ ಜಾವ ಇಂಧನ ಹಾಕಿಸಿದರೆ ಹೆಚ್ಚು ದೊರೆಯುತ್ತದೆ, ಟ್ಯಾಂಕ್ ತುಂಬಿಸಿದರೆ ಸ್ಫೋಟಿಸುತ್ತದೆ ಎಂಬ ಮಾತುಗಳು ಕೇಳಿಬರುತ್ತವೆ. ಇವುಗಳ ವಾಸ್ತವಾಂಶವನ್ನು ಕೆಳಗೆ ವಿವರಿಸಲಾಗಿದೆ.

ಅಳತೆಯ ಮೇಲೆ ಪರಿಣಾಮ

ಪೆಟ್ರೋಲ್ ಪ್ರತಿ ಒಂದು ಡಿಗ್ರಿ ತಾಪಮಾನ ಏರಿಕೆಗೆ ಸುಮಾರು ಶೇ. 0.1ರಷ್ಟು ಹಿಗ್ಗುತ್ತದೆ. ಅಂದರೆ 40 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯಾದಲ್ಲಿ ಸುಮಾರು 600 ಮಿ.ಲೀ. ಹೆಚ್ಚು ಜಾಗ ಆಕ್ರಮಿಸುತ್ತದೆ; ತೂಕ ಮಾತ್ರ ಅಷ್ಟೇ ಇರುತ್ತದೆ. ಆದರೆ ಬಂಕ್‌ಗಳಲ್ಲಿ ಇಂಧನವನ್ನು ನೆಲದಡಿಯ ಟ್ಯಾಂಕ್‌ಗಳಲ್ಲಿ ಸಂಗ್ರಹಿಸುವುದರಿಂದ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದರ ತಾಪಮಾನದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ಬೆಳಗಿನ ಜಾವ ಹಾಕಿಸುವುದರಿಂದ ಆಗುವ ಲಾಭ ಅತ್ಯಲ್ಪ. ಅಳತೆಯ ಬಗ್ಗೆ ಸಂಶಯವಿದ್ದಲ್ಲಿ 5 ಲೀಟರ್ ಮಾಪನದಿಂದ ಅಳೆದು ತೋರಿಸುವಂತೆಯೂ, ಗುಣಮಟ್ಟದ ಬಗ್ಗೆ ಸಂಶಯವಿದ್ದಲ್ಲಿ ಫಿಲ್ಟರ್ ಪೇಪರ್ ಹಾಗೂ ಸಾಂದ್ರತೆ ಪರೀಕ್ಷೆ ಮಾಡುವಂತೆಯೂ ಬಂಕ್‌ನಲ್ಲಿ ಕೇಳುವ ಹಕ್ಕು ಗ್ರಾಹಕರಿಗಿದೆ. ಸಾಂದ್ರತೆಯು ತಾಪಮಾನದೊಂದಿಗೆ ಬದಲಾಗುವುದರಿಂದ ಅದನ್ನು 15 ಡಿಗ್ರಿಗೆ ಪರಿವರ್ತಿಸಿಯೇ ಹೋಲಿಸಬೇಕು.

ಎಂಜಿನ್ ಮೇಲೆ ಪರಿಣಾಮ

ಕಾರ್ಬುರೇಟರ್ ಇರುವ ಹಳೆಯ ಕಾರುಗಳಲ್ಲಿ ಎಂಜಿನ್ ಬಿಸಿಗೆ ಕೊಳವೆಯೊಳಗಿನ ಪೆಟ್ರೋಲ್ ಆವಿಯಾಗಿ ಹರಿವು ನಿಂತು, ಎಂಜಿನ್ ಸ್ಥಗಿತಗೊಳ್ಳಬಹುದು. ಅಂತಹ ಸಂದರ್ಭದಲ್ಲಿ ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ತಣಿದ ನಂತರ ಚಾಲನೆ ಮಾಡತಕ್ಕದ್ದು. ಇಂಧನ ಇಂಜೆಕ್ಷನ್ ವ್ಯವಸ್ಥೆಯ ಕಾರುಗಳಲ್ಲಿ ಪಂಪು ಟ್ಯಾಂಕ್‌ನೊಳಗಿದ್ದು, ಒತ್ತಡದಲ್ಲಿ ಇಂಧನ ಪೂರೈಸುವುದರಿಂದ ಈ ತೊಂದರೆ ವಿರಳ. ಈ ಪಂಪು ಇಂಧನದಿಂದಲೇ ತಣಿಯುವುದರಿಂದ ಟ್ಯಾಂಕ್‌ನಲ್ಲಿ ಕಾಲು ಭಾಗವಾದರೂ ಇಂಧನವಿರುವುದು ಒಳಿತು.

ಮೈಲೇಜ್ ಇಳಿಕೆಗೆ ಬಿಸಿಲೊಂದೇ ಕಾರಣವಲ್ಲ. ಮುಧೋಳ, ಸಮೀರವಾಡಿ ಮುಂತಾದೆಡೆ ಕಬ್ಬಿನಿಂದ ತಯಾರಾಗುವ ಎಥೆನಾಲ್ ಅನ್ನು ಪೆಟ್ರೋಲ್‌ಗೆ ಬೆರೆಸಲಾಗುತ್ತದೆ. ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ.

ಸುರಕ್ಷತೆ

ಕೇವಲ ಬಿಸಿಲಿನ ತಾಪದಿಂದ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳುವುದಿಲ್ಲ. ಅದಕ್ಕೆ 200 ಡಿಗ್ರಿಗೂ ಮೀರಿದ ತಾಪ ಬೇಕು. ನಿಜವಾದ ಅಪಾಯವಿರುವುದು ಆವಿಯಲ್ಲಿ. ಬಿಸಿಲು ಹೆಚ್ಚಿದಂತೆ ಆವಿ ಹೆಚ್ಚುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ, ದೂರದ ಒಲೆ ಅಥವಾ ಕಿಡಿಯಿಂದಲೂ ಹೊತ್ತಿಕೊಳ್ಳಬಹುದು. ಆದ್ದರಿಂದ ಈ ಕೆಳಗಿನ ಸೂಚನೆಗಳನ್ನು ಪಾಲಿಸುವುದು:

1. ಪಂಪಿನ ನಳಿಕೆ ತಾನಾಗಿಯೇ ನಿಂತ ನಂತರ ಮತ್ತೆ ಇಂಧನ ಹಾಕಿಸಬಾರದು. ಇಂಧನ ಹಿಗ್ಗಲು ಟ್ಯಾಂಕ್‌ನಲ್ಲಿ ಸ್ಥಳವಿರಬೇಕು.
2. ಪ್ಲಾಸ್ಟಿಕ್ ಬಾಟಲಿ ಅಥವಾ ಕೊಡಗಳಲ್ಲಿ ಪೆಟ್ರೋಲ್ ಒಯ್ಯಬಾರದು. ಅಡುಗೆ ಮನೆಯ ಸಮೀಪ ಇಡಬಾರದು.
3. ಇಂಧನ ತುಂಬಿಸುವಾಗ ಎಂಜಿನ್ ಆರಿಸಿರಬೇಕು. ಬೀಡಿ, ಸಿಗರೇಟು ಸೇದಬಾರದು.
4. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದಲ್ಲಿ ವಾಹನ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಕೆಳಗಿಳಿದು ದೂರ ಸರಿಯಬೇಕು. ಸೋರಿಕೆಯನ್ನು ದುರಸ್ತಿ ಮಾಡಿಸುವವರೆಗೆ ಚಾಲನೆ ಮಾಡಬಾರದು.
5. ಬೆಂಕಿ ಕಾಣಿಸಿಕೊಂಡಲ್ಲಿ ನೀರು ಸುರಿಯಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. 112ಕ್ಕೆ ಕರೆ ಮಾಡುವುದು.

ಅಳತೆ ಅಥವಾ ಗುಣಮಟ್ಟದ ದೂರುಗಳಿದ್ದಲ್ಲಿ ಬಿಲ್ಲಿನ ವಿವರದೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು. ಸಾರ್ವಜನಿಕರು ಮೇಲ್ಕಂಡ ಸೂಚನೆಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.