ಕ್ರಾಯ್ಡನ್ ಕೌನ್ಸಿಲ್: ನಾಯಕರ ವರದಿಯೂ ಲೆಕ್ಕಪುಸ್ತಕವೂ

ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಲ್ಲಿ ಒಂದು ರೂಢಿಯಿದೆ. ಕೌನ್ಸಿಲಿನ ನಾಯಕರು ಕಾಲಕಾಲಕ್ಕೆ ನಿವಾಸಿಗಳನ್ನು ಉದ್ದೇಶಿಸಿ ವಸತಿ, ಹಣಕಾಸು, ಗ್ರಂಥಾಲಯ, ಉದ್ಯಾನ, ಕಸ ವಿಲೇವಾರಿ ಮುಂತಾದ ವಿಷಯಗಳ ಸ್ಥಿತಿಗತಿಯನ್ನು ಅರಿಕೆ ಮಾಡಿಕೊಳ್ಳುತ್ತಾರೆ. ಇಂತಹ ವರದಿಗಳಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದೊಂದು ಪ್ಯಾರಾ ಮೀಸಲು. ಇಷ್ಟು ಹೊಸ ಮನೆಗಳು ನಿರ್ಮಾಣವಾಗುತ್ತಿವೆ, ರಂಗಮಂದಿರದ ನವೀಕರಣ ನಡೆದಿದೆ, ಆರ್ಥಿಕ ಪರಿಸ್ಥಿತಿ ಕಠಿಣವಾದರೂ ಹತೋಟಿಯಲ್ಲಿದೆ ಎಂಬುದು ಸಾಮಾನ್ಯವಾಗಿ ಅವುಗಳ ಧಾಟಿ. ಓದುವ ನಾಗರಿಕನಿಗೆ ಇವು ಪರಸ್ಪರ ಸಂಬಂಧವಿಲ್ಲದ ಸಂಗತಿಗಳಂತೆ ತೋರುತ್ತವೆ. ಇವುಗಳ ನಡುವಣ ಸಂಬಂಧ ಎಷ್ಟು ನಿಕಟವಾಗಿರಬಲ್ಲದು ಎಂಬುದನ್ನು ದಕ್ಷಿಣ ಲಂಡನ್ನಿನ ಕ್ರಾಯ್ಡನ್ 2020ರಿಂದೀಚೆಗೆ ಅನುಭವಿಸಿದೆ.

2021ರ ಜನಗಣತಿಯ ಪ್ರಕಾರ ಕ್ರಾಯ್ಡನ್ನಿನ ಜನಸಂಖ್ಯೆ ಸುಮಾರು 3.9 ಲಕ್ಷ. ಬ್ರಿಟನ್ನಿನಲ್ಲಿ ವ್ಯಾಸಂಗ ಅಥವಾ ಉದ್ಯೋಗ ಮಾಡಿದ ಅನೇಕ ಭಾರತೀಯರಿಗೆ ಈ ಊರಿನ ಹೆಸರು ಅಪರಿಚಿತವಲ್ಲ. ವೀಸಾ ವಿಸ್ತರಣೆಗೆ ಸರತಿಯಲ್ಲಿ ನಿಲ್ಲುತ್ತಿದ್ದ ಲೂನಾರ್ ಹೌಸ್ ಕಚೇರಿ ಇರುವುದು ಇಲ್ಲಿಯೇ. ಕೌನ್ಸಿಲಿನ ಸ್ವಂತ ಒಡೆತನದಲ್ಲಿ ಸುಮಾರು 13 ಸಾವಿರ ಬಾಡಿಗೆ ಮನೆಗಳಿವೆ. ಹೀಗಾಗಿ ಕೌನ್ಸಿಲ್ ಇಲ್ಲಿ ತೆರಿಗೆ ವಸೂಲಿ ಮಾಡುವ ಸಂಸ್ಥೆ ಮಾತ್ರವಲ್ಲ, ಸಹಸ್ರಾರು ಕುಟುಂಬಗಳಿಗೆ ಮನೆಯ ಮಾಲೀಕನೂ ಹೌದು.

ಮನೆ ಕಟ್ಟಲು ಕಂಪೆನಿ

ಮನೆಗಳ ಕೊರತೆಯನ್ನು ನೀಗಿಸಲು ಕೌನ್ಸಿಲ್ 2015ರಲ್ಲಿ ‘ಬ್ರಿಕ್ ಬೈ ಬ್ರಿಕ್’ ಎಂಬ ಸಂಪೂರ್ಣ ಸ್ವಾಮ್ಯದ ಕಂಪೆನಿಯೊಂದನ್ನು ಸ್ಥಾಪಿಸಿತು. ಸ್ಥಳೀಯ ಸಂಸ್ಥೆಗಳು ಆಗ ವಸತಿಗಾಗಿ ನೇರವಾಗಿ ಮಾಡಬಹುದಾದ ಸಾಲಕ್ಕೆ ಕೇಂದ್ರ ಸರಕಾರದ ಮಿತಿಯಿತ್ತು. 2018ರಲ್ಲಷ್ಟೇ ಅದು ರದ್ದಾಯಿತು. ಕಂಪೆನಿಗೆ ಆ ಮಿತಿ ಅನ್ವಯಿಸುತ್ತಿರಲಿಲ್ಲ. ಕೌನ್ಸಿಲ್ ಸಾರ್ವಜನಿಕ ಸಾಲ ಮಂಡಳಿಯಿಂದ ಕಡಿಮೆ ಬಡ್ಡಿಗೆ ಹಣ ತಂದು ಹೆಚ್ಚಿನ ಬಡ್ಡಿಗೆ ಕಂಪೆನಿಗೆ ಕೊಡುವುದು, ಕಂಪೆನಿ ಮನೆ ಕಟ್ಟಿ ಮಾರಿ ಬಡ್ಡಿಯನ್ನೂ ಲಾಭಾಂಶವನ್ನೂ ಹಿಂದಿರುಗಿಸುವುದು, ಆ ಅಂತರದಿಂದ ಊರಿನ ಇತರ ಸೇವೆಗಳು ನಡೆಯುವುದು ಎಂಬುದು ಯೋಜನೆಯ ತಿರುಳು. ಕಾಗದದ ಮೇಲೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ. ಬ್ಯಾಂಕುಗಳು ಮಾಡುವುದೂ ಇದನ್ನೇ. ಆದರೆ ಬ್ಯಾಂಕು ಒಬ್ಬನೇ ಸಾಲಗಾರನಿಗೆ, ಅದೂ ತನ್ನದೇ ಅಂಗಸಂಸ್ಥೆಗೆ, ಇಷ್ಟೊಂದು ಹಣವನ್ನು ಕೊಡುವುದಿಲ್ಲ.

2020ರ ವೇಳೆಗೆ ಕಂಪೆನಿಗೆ ಸಂದ ಸಾಲ ಸುಮಾರು 20 ಕೋಟಿ ಪೌಂಡು. ಆ ವರ್ಷದ ಅಕ್ಟೋಬರಿನಲ್ಲಿ ಲೆಕ್ಕಪರಿಶೋಧಕರಾದ ಗ್ರಾಂಟ್ ಥಾರ್ನ್‌ಟನ್ ಸಂಸ್ಥೆ ಸಾರ್ವಜನಿಕ ಹಿತದೃಷ್ಟಿಯ ವಿಶೇಷ ವರದಿಯನ್ನು ಹೊರಡಿಸಿತು. ಕಂಪೆನಿಯಿಂದ ಬಡ್ಡಿಯಾಗಲೀ ಲಾಭಾಂಶವಾಗಲೀ ಕೌನ್ಸಿಲಿನ ಕೈಸೇರಿಯೇ ಇಲ್ಲ ಎಂಬುದು ಅದರಲ್ಲಿ ದಾಖಲಾಯಿತು. ಬರಬೇಕಾದ ಆದಾಯಕ್ಕೂ ಬಂದ ಆದಾಯಕ್ಕೂ ಇರುವ ವ್ಯತ್ಯಾಸ ಯಾವುದೇ ವರ್ತಕನಿಗೆ ತಿಳಿದ ಸಂಗತಿ. ಪರಿಸ್ಥಿತಿಯ ಗಾಂಭೀರ್ಯದ ಬಗ್ಗೆ ಇಡೀ ಸಂಸ್ಥೆಯೇ ಸಾಮೂಹಿಕವಾಗಿ ಕುರುಡಾಗಿತ್ತು ಎಂಬ ಅರ್ಥದ ಕಟುವಾದ ಮಾತು ಆ ವರದಿಯಲ್ಲಿದೆ. ಲೆಕ್ಕಪರಿಶೋಧಕರ ಭಾಷೆ ಸಾಮಾನ್ಯವಾಗಿ ಎಷ್ಟು ಮಿತವಾದುದು ಎಂಬುದನ್ನು ಬಲ್ಲವರಿಗೆ ಇದರ ತೂಕ ಅರ್ಥವಾಗುತ್ತದೆ.

ಮನೆ ಕಂಪೆನಿಯೊಂದೇ ಅಲ್ಲ. ಬಾಡಿಗೆ ಆದಾಯದ ನಿರೀಕ್ಷೆಯಿಂದ ಕೌನ್ಸಿಲ್ 2018ರಲ್ಲಿ ಕ್ರಾಯ್ಡನ್ ಪಾರ್ಕ್ ಹೋಟೆಲನ್ನು ಸುಮಾರು 3 ಕೋಟಿ ಪೌಂಡಿಗೂ, ಕೊಲೊನೇಡ್ಸ್ ಎಂಬ ವಾಣಿಜ್ಯ ಸಂಕೀರ್ಣವನ್ನು 5 ಕೋಟಿಗೂ ಮಿಕ್ಕಿದ ಮೊತ್ತಕ್ಕೂ ಖರೀದಿಸಿತ್ತು. ಹೋಟೆಲನ್ನು ನಡೆಸುತ್ತಿದ್ದ ಸಂಸ್ಥೆ 2020ರ ಕೋವಿಡ್ ಕಾಲದಲ್ಲಿ ನೆಲಕಚ್ಚಿತು. ಮುಂದೆ ಆ ಹೋಟೆಲನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಯಿತು.

114ನೆಯ ಕಲಮಿನ ಸೂಚನೆ

ನಾಯಕ ಟೋನಿ ನ್ಯೂಮನ್ ಅಕ್ಟೋಬರಿನಲ್ಲಿ ರಾಜೀನಾಮೆ ನೀಡಿದರು. ಹಮಿದಾ ಅಲಿ ಆ ಸ್ಥಾನಕ್ಕೆ ಬಂದರು. 2020ರ ನವೆಂಬರ್ 11ರಂದು ಕೌನ್ಸಿಲಿನ ಹಣಕಾಸು ಮುಖ್ಯಸ್ಥರು 1988ರ ಸ್ಥಳೀಯ ಸರಕಾರ ಹಣಕಾಸು ಕಾಯಿದೆಯ 114ನೆಯ ಕಲಮಿನ ಅನ್ವಯ ಸೂಚನೆಯನ್ನು ಹೊರಡಿಸಿದರು. ಆ ಆರ್ಥಿಕ ವರ್ಷದಲ್ಲಿ ಸುಮಾರು 6.6 ಕೋಟಿ ಪೌಂಡುಗಳ ಕೊರತೆ ಕಂಡುಬಂದಿತ್ತು; ಅದನ್ನು ತುಂಬುವಷ್ಟು ಮೀಸಲು ನಿಧಿ ಉಳಿದಿರಲಿಲ್ಲ.

ಈ ಕಲಮು ಲೆಕ್ಕಪತ್ರ ವೃತ್ತಿಯವರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಇಂಗ್ಲೆಂಡಿನ ಕೌನ್ಸಿಲುಗಳು ದಿನನಿತ್ಯದ ಖರ್ಚಿಗೆ ಸಾಲ ಮಾಡುವಂತಿಲ್ಲ. ಪ್ರತಿ ವರ್ಷ ಸಮತೋಲನದ ಬಜೆಟ್ಟನ್ನೇ ಅಂಗೀಕರಿಸಬೇಕು. ಖರ್ಚು ಸಂಪನ್ಮೂಲವನ್ನು ಮೀರುವ ಸಂಭವ ಕಂಡಾಗ ಹಣಕಾಸು ಮುಖ್ಯಸ್ಥರು ವರದಿ ನೀಡಲೇಬೇಕು. ಈ ಹುದ್ದೆಯಲ್ಲಿರುವವರು ಮಾನ್ಯತೆ ಪಡೆದ ಲೆಕ್ಕಪತ್ರ ಸಂಸ್ಥೆಯ ಸದಸ್ಯರಾಗಿರಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ. ವರದಿ ಹೊರಬಿದ್ದೊಡನೆ ಹೊಸ ಖರ್ಚಿನ ಒಪ್ಪಂದಗಳು ಸ್ಥಗಿತಗೊಳ್ಳುತ್ತವೆ. 21 ದಿನಗಳೊಳಗೆ ಕೌನ್ಸಿಲ್ ಸಭೆ ಸೇರಬೇಕು. ಬಹುಮತದ ನಾಯಕರು ಇದನ್ನು ತಡೆಯುವಂತಿಲ್ಲ. ಪತ್ರಿಕೆಗಳು ಇದನ್ನು ‘ದಿವಾಳಿ’ ಎಂದು ಕರೆಯುವುದುಂಟು. ಅದು ಸರಿಯಾದ ಪದವಲ್ಲ. ಕೌನ್ಸಿಲನ್ನು ಕಂಪೆನಿಯಂತೆ ಸಮಾಪನಗೊಳಿಸಲು ಬರುವುದಿಲ್ಲ. ಮಕ್ಕಳ ರಕ್ಷಣೆ, ವೃದ್ಧರ ಆರೈಕೆಯಂತಹ ಶಾಸನಬದ್ಧ ಕರ್ತವ್ಯಗಳು ಮುಂದುವರಿಯುತ್ತವೆ, ಮಿಕ್ಕವುಗಳಿಗೆ ಕತ್ತರಿ ಬೀಳುತ್ತದೆ.

2021ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಎರಡು ವರ್ಷಗಳಿಗೆ 12 ಕೋಟಿ ಪೌಂಡುಗಳ ನೆರವನ್ನು ಪ್ರಕಟಿಸಿತು. ‘ನೆರವು’ ಎಂಬ ಪದವನ್ನು ಇಲ್ಲಿ ಎಚ್ಚರಿಕೆಯಿಂದ ಓದಬೇಕು. ಅದು ಅನುದಾನವಲ್ಲ. ದಿನನಿತ್ಯದ ಖರ್ಚನ್ನು ಬಂಡವಾಳ ವೆಚ್ಚವೆಂದು ಪರಿಗಣಿಸಿ, ಅದಕ್ಕಾಗಿ ಸಾಲ ಪಡೆಯಲು ಅಥವಾ ಆಸ್ತಿ ಮಾರಲು ನೀಡಿದ ಅನುಮತಿ ಮಾತ್ರ. ಸಾಮಾನ್ಯವಾಗಿ ಯಾವ ಲೆಕ್ಕಪರಿಶೋಧಕನೂ ಒಪ್ಪದ ವರ್ಗೀಕರಣಕ್ಕೆ ಇಲ್ಲಿ ಮಂತ್ರಿಗಳ ಆದೇಶವೇ ಆಧಾರ.

ಬೂಷ್ಟು ಹಿಡಿದ ಗೋಡೆ

ಇದೇ ತಿಂಗಳಲ್ಲಿ ಐಟಿವಿ ವಾರ್ತೆಯು ಸೌತ್ ನಾರ್ವುಡ್‌ನ ರೆಜೈನಾ ರೋಡಿನಲ್ಲಿರುವ ಕೌನ್ಸಿಲಿನ ಬಹುಮಹಡಿ ಕಟ್ಟಡದ ಒಳಾಂಗಣವನ್ನು ತೋರಿಸಿತು. ಕಪ್ಪು ಬೂಷ್ಟು ಹಿಡಿದ ಗೋಡೆಗಳು, ಸೋರುವ ಛಾವಣಿ, ವಿದ್ಯುತ್ ದೀಪಗಳ ಬಳಿಯೇ ಇಳಿಯುವ ನೀರು. ಅವುಗಳ ನಡುವೆ ಮಕ್ಕಳೊಂದಿಗೆ ಬಾಳುತ್ತಿದ್ದವರು ಬಾರಿಬಾರಿ ದೂರಿಕೊಂಡರೂ ಪರಿಹಾರ ದೊರೆತಿರಲಿಲ್ಲ.

ಕೌನ್ಸಿಲಿನ ಬಳಿ ಹಣವಿಲ್ಲ, ಆದುದರಿಂದ ದುರಸ್ತಿಯಾಗಲಿಲ್ಲ ಎಂದು ಸುಲಭವಾಗಿ ತೀರ್ಮಾನಿಸಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ. 1989ರ ಕಾಯಿದೆಯ ತರುವಾಯ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಗಳ ಬಾಡಿಗೆ ಮತ್ತು ದುರಸ್ತಿ ‘ವಸತಿ ಆದಾಯ ಖಾತೆ’ ಎಂಬ ಪ್ರತ್ಯೇಕ ಖಾತೆಗೆ ಸೇರುತ್ತವೆ. ಅದರ ಸುತ್ತ ಬೇಲಿಯಿದೆ. ಬಾಡಿಗೆದಾರರ ಹಣವನ್ನು ಸಾಮಾನ್ಯ ಖಾತೆಯ ಖೋತಾ ತುಂಬಲು ಬಳಸುವಂತಿಲ್ಲ, ಸಾಮಾನ್ಯ ಖಾತೆಯಿಂದ ಮನೆ ಬಾಡಿಗೆಗೆ ಸಹಾಯಧನ ನೀಡುವಂತೆಯೂ ಇಲ್ಲ. ಸೂಚನೆ ಹೊರಟದ್ದು ಸಾಮಾನ್ಯ ಖಾತೆಯ ಕೊರತೆಗೆ. ಬೂಷ್ಟಿಗೆ ಕಾರಣ ಬೇರೆಯೇ ಇತ್ತು. 2021ರ ಮೇ ತಿಂಗಳಲ್ಲಿ ಬಂದ ಸ್ವತಂತ್ರ ತನಿಖಾ ವರದಿ ಸಿಬ್ಬಂದಿಯ ಅಸಾಮರ್ಥ್ಯವನ್ನೂ, ಬಾಡಿಗೆದಾರರ ಮಾತಿಗೆ ಕಿವಿಗೊಡದ ಅಗೌರವದ ನಡವಳಿಕೆಯನ್ನೂ ಎತ್ತಿ ತೋರಿಸಿತು. ಸಾಮಾಜಿಕ ವಸತಿ ನಿಯಂತ್ರಕರು ಕೌನ್ಸಿಲ್ ಮಾನದಂಡಗಳನ್ನು ಉಲ್ಲಂಘಿಸಿದೆಯೆಂದು ಘೋಷಿಸಿದರು. ಹೊಸ ಮನೆಗಳ ಕಂಪೆನಿಯ ಮೇಲಿದ್ದ ನಾಯಕತ್ವದ ಉತ್ಸಾಹ ಇದ್ದ ಮನೆಗಳ ಮೇಲೆ ಇರಲಿಲ್ಲ ಎನ್ನದೆ ವಿಧಿಯಿಲ್ಲ. 2023ರಲ್ಲಿ ನಿವಾಸಿಗಳು ಮತದಾನದ ಮೂಲಕ ಆ ಕಟ್ಟಡಗಳನ್ನು ಕೆಡವಿ ಮರುನಿರ್ಮಿಸಲು ಒಪ್ಪಿಗೆ ನೀಡಿದರು.

ರಂಗಮಂದಿರ ಮತ್ತು ಪೇಟೆ

1962ರಲ್ಲಿ ಆರಂಭವಾದ ಫೇರ್‌ಫೀಲ್ಡ್ ಹಾಲ್ಸ್ ಕ್ರಾಯ್ಡನ್ನಿನ ಹೆಮ್ಮೆಯ ಸಂಗೀತ ಸಭಾಂಗಣ. ನವೀಕರಣಕ್ಕಾಗಿ 2016ರಲ್ಲಿ ಮುಚ್ಚಿದ ಅದು 2019ರಲ್ಲಿ ಮತ್ತೆ ತೆರೆಯಿತು. ಅಂದಾಜು ವೆಚ್ಚ 3 ಕೋಟಿ ಪೌಂಡು; ತಗುಲಿದ್ದು 6.75 ಕೋಟಿ. ಕೆಲಸ ವಹಿಸಿಕೊಂಡದ್ದು ಅದೇ ಬ್ರಿಕ್ ಬೈ ಬ್ರಿಕ್. ನಾಯಕರ ವರದಿಗಳಲ್ಲಿ ವಸತಿ ಒಂದೆಡೆ, ಸಂಸ್ಕೃತಿ ಇನ್ನೊಂದೆಡೆ ಇರುತ್ತಿದ್ದವು. ಎರಡರ ಖರ್ಚೂ ಒಂದೇ ಕಂಪೆನಿಯ ಖಾತೆಯಲ್ಲಿ ಸಂಧಿಸುತ್ತಿತ್ತು. ಲೆಕ್ಕಪರಿಶೋಧಕರು 2022ರಲ್ಲಿ ಇದರ ಮೇಲೆಯೇ ಎರಡನೆಯ ವಿಶೇಷ ವರದಿಯನ್ನು ನೀಡಿದರು.

ಪೇಟೆಯ ಕಥೆಯೂ ಸಂತೋಷದ್ದಲ್ಲ. ಹಳೆಯ ಆಲ್ಡರ್ಸ್ ಮಳಿಗೆ 2012ರಲ್ಲಿ ಮುಚ್ಚಿತು. ವಿಟ್‌ಗಿಫ್ಟ್ ಸೆಂಟರನ್ನು ಕೆಡವಿ ವೆಸ್ಟ್‌ಫೀಲ್ಡ್ ಮಾಲ್ ಕಟ್ಟುವ ಯೋಜನೆ 2013ರಲ್ಲಿ ಪ್ರಕಟವಾಗಿ ಕಾರ್ಯರೂಪಕ್ಕೆ ಬರಲೇ ಇಲ್ಲ. ಬರುವ ಮಾಲನ್ನು ನಂಬಿ ಕಾದ ಅಂಗಡಿಕಾರರು ವ್ಯಾಪಾರ ಕಳೆದುಕೊಂಡರು. ಅಂಗಡಿ, ಕಚೇರಿಗಳ ಮೇಲಿನ ವ್ಯಾಪಾರ ತೆರಿಗೆಯ ದರವನ್ನು ಕೇಂದ್ರ ಸರಕಾರವೇ ನಿಗದಿಪಡಿಸುವುದರಿಂದ ಕೌನ್ಸಿಲ್ ತನ್ನ ಖೋತಾವನ್ನು ನೇರವಾಗಿ ಅವರ ಮೇಲೆ ಹೊರಿಸಲಾಗಲಿಲ್ಲ ಎಂಬುದಷ್ಟೇ ಸಮಾಧಾನ.

ಶೇ. 15ರ ಏರಿಕೆ

ಹೊರೆ ಬಿದ್ದದ್ದು ಮನೆಗಳ ಮೇಲೆ. 2021ರ ಅಕ್ಟೋಬರಿನ ಜನಮತಗಣನೆಯಲ್ಲಿ ನಿವಾಸಿಗಳು ನಾಯಕರ ಪದ್ಧತಿಯನ್ನೇ ಕೈಬಿಟ್ಟು, ಜನರಿಂದ ನೇರವಾಗಿ ಆಯ್ಕೆಯಾಗುವ ಮೇಯರ್ ಪದ್ಧತಿಯನ್ನು ಆರಿಸಿಕೊಂಡರು. 2022ರ ಮೇ ತಿಂಗಳಲ್ಲಿ ಕನ್ಸರ್ವೇಟಿವ್ ಪಕ್ಷದ ಜೇಸನ್ ಪೆರಿ ಅಲ್ಪ ಅಂತರದಿಂದ ಗೆದ್ದರು. ಆಳುವ ಪಕ್ಷ ಬದಲಾಯಿತು, ಸಾಲದ ಕಂತು ಬದಲಾಗಲಿಲ್ಲ. ಅದೇ ನವೆಂಬರಿನಲ್ಲಿ ಮತ್ತೊಂದು ಸೂಚನೆ ಹೊರಟಿತು: ಮುಂದಿನ ವರ್ಷದ ಬಜೆಟ್ಟಿನಲ್ಲಿ ಸುಮಾರು 13 ಕೋಟಿ ಪೌಂಡುಗಳ ಕೊರತೆ. ಒಟ್ಟು ಸಾಲ ಸುಮಾರು 160 ಕೋಟಿ, ಅದರ ವಾರ್ಷಿಕ ನಿರ್ವಹಣೆಗೆ ಸುಮಾರು 4.7 ಕೋಟಿ ಎಂದು ಆಗ ತಿಳಿಸಲಾಯಿತು.

ಜನಮತಗಣನೆಯಿಲ್ಲದೆ ಕೌನ್ಸಿಲ್ ತೆರಿಗೆಯನ್ನು ಶೇ. 5ರಷ್ಟು ಏರಿಸಲೂ ಸಾಧ್ಯವಿರಲಿಲ್ಲ. 2023–24ನೆಯ ಸಾಲಿಗೆ ಕ್ರಾಯ್ಡನ್ನಿಗೆ ಶೇ. 15ರವರೆಗೆ ವಿಶೇಷ ಅನುಮತಿ ದೊರೆಯಿತು. ಮಾರ್ಚ್ ಮೊದಲನೆಯ ಸಭೆಯಲ್ಲಿ ಸದಸ್ಯರು ಬಜೆಟ್ಟನ್ನು ತಿರಸ್ಕರಿಸಿದರು. ವಾರದ ನಂತರ ಅಂಗೀಕರಿಸಿದರು. ಮಧ್ಯಮ ಶ್ರೇಣಿಯ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು 235 ಪೌಂಡು ಹೆಚ್ಚಾಯಿತು. ಕಷ್ಟದಲ್ಲಿರುವ ಕುಟುಂಬಗಳಿಗೆ 20 ಲಕ್ಷ ಪೌಂಡುಗಳ ಪರಿಹಾರ ನಿಧಿಯನ್ನು ಮೇಯರ್ ಪ್ರಕಟಿಸಿದರು. 2024ರಲ್ಲಿ ನಾಲ್ಕು ಗ್ರಂಥಾಲಯಗಳು ಮುಚ್ಚಿದವು.

ಇಂತಹ ವರದಿಯನ್ನು ಓದುವವರು ಎಷ್ಟು ಮನೆ ಕಟ್ಟಲಾಯಿತು ಎಂಬುದರ ಜೊತೆಗೆ ಕಟ್ಟಲು ಯಾರ ಹೆಸರಿನಲ್ಲಿ ಸಾಲ ಪಡೆಯಲಾಯಿತು, ಬಡ್ಡಿ ಕೈಗೆ ಬಂದಿದೆಯೇ ಅಥವಾ ಪುಸ್ತಕದಲ್ಲಿ ಮಾತ್ರ ಜಮೆಯಾಗಿದೆಯೇ, ಮೀಸಲು ನಿಧಿ ಎಷ್ಟು ತಿಂಗಳ ಖರ್ಚಿಗೆ ಸಾಕು ಎಂದು ಕೇಳಬೇಕಾಗುತ್ತದೆ. ಕ್ರಾಯ್ಡನ್ನಿನಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ನಾಯಕರ ವರದಿಯಲ್ಲಲ್ಲ, ಲೆಕ್ಕಪರಿಶೋಧಕರ ವರದಿಯಲ್ಲಿ. ಅದೂ ಹಣ ಹೋದ ಮೇಲೆ.

2025–26ನೆಯ ಸಾಲಿಗೆ ಕ್ರಾಯ್ಡನ್ 13.6 ಕೋಟಿ ಪೌಂಡುಗಳ ವಿಶೇಷ ನೆರವನ್ನು ಪಡೆಯಿತು. ಇದು ಸಹ ಮೇಲೆ ಹೇಳಿದ ಬಗೆಯದೇ, ತೀರಿಸಬೇಕಾದ ಹೊಣೆ. ಅದೇ ವರ್ಷದ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರ, ಸುಧಾರಣೆ ಸಾಕಷ್ಟು ವೇಗವಾಗಿಲ್ಲವೆಂಬ ಕಾರಣಕ್ಕೆ, ಕೌನ್ಸಿಲಿನ ಮೇಲೆ ಆಯುಕ್ತರನ್ನು ನೇಮಿಸಲು ನಿರ್ಧರಿಸಿತು.