ತಮಿಳು ಮನೆಯ ಮಗು, ಕನ್ನಡದ ಪಾಠ

ಧರ್ಮಸ್ಥಳದಿಂದ ಸುಬ್ರಹ್ಮಣ್ಯ ದಾರಿಯಾಗಿ ಸುಳ್ಯ ಕಡೆ ಹೋದರೆ ರಬ್ಬರ್ ತೋಟಗಳು ಸಿಗ್ತವೆ. ಅಲ್ಲಿ ಟ್ಯಾಪಿಂಗ್ ಮಾಡುವವರಲ್ಲಿ ಅನೇಕರು ಶ್ರೀಲಂಕಾದಿಂದ ಬಂದ ತಮಿಳು ಕುಟುಂಬದವರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಲ್ಲಿ 5,25,000 ಮಂದಿಗೆ ಭಾರತದ ಪೌರತ್ವ ಕೊಡುವುದೆಂದು ತೀರ್ಮಾನವಾಯ್ತು. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಕೆಲಸ ಸಿಕ್ಕಿತು. ಕಾನೂನಿನ ಲೆಕ್ಕದಲ್ಲಿ ಇವರು ನಿರಾಶ್ರಿತರಲ್ಲ, ಮರಳಿ ಬಂದವರು. ಒಂದನೇ ಕ್ಲಾಸಿನ ಮಗುವಿಗೆ ಆ ವ್ಯತ್ಯಾಸ ಏನು ಗೊತ್ತು? ಮನೆಯಲ್ಲಿ ತಮಿಳು, ಪುಸ್ತಕದಲ್ಲಿ ಕನ್ನಡ, ಆಟಕ್ಕೆ ಹೋದರೆ ತುಳು.

"ನಾವೂ ತುಳು ಮನೆಯಿಂದಲೇ ಬಂದು ಕನ್ನಡ ಕಲಿತವರಲ್ವಾ?" ಅಂತ ನೀವು ಕೇಳಬಹುದು. ಹೌದು. ಆದರೆ ನಮ್ಮ ಟೀಚರಿಗೆ ತುಳು ಬರ್ತಿತ್ತು. ಅರ್ಥವಾಗದ್ದನ್ನು ತುಳುವಿನಲ್ಲೇ ಹೇಳಿಕೊಟ್ಟರು. ಆ ಸಣ್ಣ ಸಹಾಯವೇ ದೊಡ್ಡದು. ಗೊತ್ತಿರುವ ಭಾಷೆಯಲ್ಲಿ ಓದು ಶುರುವಾದರೆ ಎರಡನೇ ಭಾಷೆಯೂ ಗಟ್ಟಿಯಾಗುತ್ತದೆ ಅಂತ ಬೇರೆ ಬೇರೆ ದೇಶಗಳ ಸಂಶೋಧನೆಗಳು ತೋರಿಸಿವೆ. ಸಾಧ್ಯವಿದ್ದಲ್ಲೆಲ್ಲ ಐದನೇ ತರಗತಿಯವರೆಗಾದರೂ ಮನೆಮಾತಿನಲ್ಲಿ ಕಲಿಸಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಬೈಲಕುಪ್ಪೆಯ ಟಿಬೆಟನ್ನರಿಗೆ ತಮ್ಮದೇ ಶಾಲೆಗಳುಂಟು. ತೋಟದ ಲೈನ್ ಮನೆಗಳ ಮಕ್ಕಳಲ್ಲಿ ಹೆಚ್ಚಿನವರಿಗೆ ಹತ್ತಿರದ ಕನ್ನಡ ಶಾಲೆಯೇ ದಾರಿ.

ಲಾಗ್ ನೋಡದೆ ನಾವು ಬಗ್ ಸರಿಮಾಡೋಕೆ ಹೋಗಲ್ಲ. ಇಲ್ಲೂ ಅಷ್ಟೇ. ಮಗುವಿನ ಮನೆಮಾತು ಯಾವುದು, ಓದು ಎಲ್ಲಿ ಹಿಂದೆ ಬಿತ್ತು ಅಂತ ಒಟ್ಟಿಗೆ ನೋಡಬೇಕು. ಯಾವ ಶಾಲೆಗೆ ತಮಿಳು ಬಲ್ಲ ಸಹಾಯಕಿ ಬೇಕು ಅಂತ ಆಗ ತಿಳಿಯುತ್ತದೆ. ಅದನ್ನು ನೋಡುವ ಮೊದಲೇ ಆ ಮಗುವನ್ನು ದಡ್ಡ ಅನ್ನುವುದು ಬೇಡ.