43 ಸೆಕೆಂಡುಗಳ ಅಡಚಣೆ, ದಿನವಿಡೀ ಪರದಾಟ

ಲಕ್ಷಾಂತರ ಜನರು ಬಳಸುವ ಅಂತರ್ಜಾಲ ತಾಣಗಳು ತಮ್ಮ ದತ್ತಾಂಶವನ್ನು ಒಂದೇ ಸರ್ವರ್‌ನಲ್ಲಿ ಇಡುವುದಿಲ್ಲ. ಒಂದು ಕೆಟ್ಟರೆ ಮತ್ತೊಂದು ನೆರವಿಗೆ ಬರಲೆಂದು ಹಲವೆಡೆ ಅದರ ಪ್ರತಿಗಳನ್ನು ಇರಿಸುತ್ತವೆ. ಆದರೆ ಆ ಪ್ರತಿಗಳ ನಡುವೆಯೇ ತಾಳೆ ತಪ್ಪಿದರೆ? ತಂತ್ರಾಂಶ ತಜ್ಞರು ತಮ್ಮ ಕೋಡ್ ಇರಿಸುವ ಗಿಟ್‌ಹಬ್ ತಾಣದಲ್ಲಿ 2018ರ ಅಕ್ಟೋಬರ್ 21ರಂದು ಆದದ್ದು ಅದೇ.

ವ್ಯವಸ್ಥೆ ಹೇಗೆ?

ಸಾಮಾನ್ಯವಾಗಿ ಒಂದು ಸರ್ವರ್ ಪ್ರಧಾನವಾಗಿರುತ್ತದೆ. ಹೊಸ ಮಾಹಿತಿ ದಾಖಲಾಗುವುದು ಅಲ್ಲಿ ಮಾತ್ರ. ಉಳಿದ ಸರ್ವರ್‌ಗಳು ಅದನ್ನು ನಕಲು ಮಾಡಿಕೊಂಡು, ಮಾಹಿತಿ ಓದುವವರ ಕೋರಿಕೆಗಳನ್ನು ಹಂಚಿಕೊಳ್ಳುತ್ತವೆ. ಬಳಕೆದಾರರು ಹೆಚ್ಚಿದಂತೆ ನಕಲು ಸರ್ವರ್‌ಗಳನ್ನು ಸೇರಿಸಬಹುದು.

ತೊಡಕಿರುವುದು ಅಂತರದಲ್ಲಿ. ದೂರದ ಪ್ರತಿಗೆ ಮಾಹಿತಿ ತಲುಪುವವರೆಗೂ ಬಳಕೆದಾರರನ್ನು ಕಾಯಿಸಿದರೆ ತಾಣ ನಿಧಾನವಾಗುತ್ತದೆ. ಕಾಯಿಸದಿದ್ದರೆ, ಪ್ರಧಾನ ಸರ್ವರ್ ಕೈಕೊಟ್ಟಾಗ ಕೊನೆಯ ಕ್ಷಣಗಳ ದಾಖಲೆಗಳು ದೂರದ ಪ್ರತಿಯಲ್ಲಿ ಇರುವುದಿಲ್ಲ.

ಅಂದು ನಡೆದದ್ದು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಉಪಕರಣವೊಂದನ್ನು ಬದಲಿಸುವಾಗ ಗಿಟ್‌ಹಬ್‌ನ ಮುಖ್ಯ ದತ್ತಾಂಶ ಕೇಂದ್ರದ ಸಂಪರ್ಕ 43 ಸೆಕೆಂಡು ಕಡಿದುಹೋಯಿತು. ಪ್ರಧಾನ ಸರ್ವರ್‌ಗಳು ಕೆಟ್ಟಿವೆಯೆಂದು ಬಗೆದ ಸ್ವಯಂಚಾಲಿತ ತಂತ್ರಾಂಶವು ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಆ ಸ್ಥಾನ ನೀಡಿತು. ಪೂರ್ವದಲ್ಲಿ ಆಗಷ್ಟೇ ದಾಖಲಾಗಿದ್ದ ಮಾಹಿತಿ ಪಶ್ಚಿಮಕ್ಕೆ ತಲುಪಿರಲಿಲ್ಲ; ಪಶ್ಚಿಮದಲ್ಲಿ ದಾಖಲಾಗತೊಡಗಿದ್ದು ಪೂರ್ವದಲ್ಲಿರಲಿಲ್ಲ. ಹೀಗಾಗಿ ಹಿಂದಿನ ಸ್ಥಿತಿಗೆ ಕೂಡಲೇ ಮರಳುವುದು ಅಸಾಧ್ಯವಾಯಿತು. ಹೆಚ್ಚು ಬಳಕೆಯ ಒಂದು ಸರ್ವರ್ ಸಮೂಹದಲ್ಲಿಯೇ ಇಂತಹ 954 ದಾಖಲೆಗಳಿದ್ದವು.

ಸಂಸ್ಥೆಯು ವೇಗಕ್ಕಿಂತ ದತ್ತಾಂಶದ ರಕ್ಷಣೆಗೆ ಆದ್ಯತೆ ನೀಡಿತು. ಕೆಲವು ಸೇವೆಗಳನ್ನು ತಾನೇ ತಡೆಹಿಡಿದು, ಬ್ಯಾಕಪ್‌ನಿಂದ ಪ್ರತಿಗಳನ್ನು ಮರಳಿ ಕಟ್ಟಿತು. ಸೇವೆ ಸಂಪೂರ್ಣ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಒಂದು ಪ್ರದೇಶದ ಸರ್ವರ್‌ನ ಪ್ರಧಾನ ಸ್ಥಾನ ತಾನಾಗಿ ಇನ್ನೊಂದು ಪ್ರದೇಶಕ್ಕೆ ಹೋಗದಂತೆ ನಿಯಮ ಬದಲಿಸಲು ಬಳಿಕ ತೀರ್ಮಾನಿಸಲಾಯಿತು.

ಪ್ರತಿ ಬೇರೆ, ಬ್ಯಾಕಪ್ ಬೇರೆ

ಪ್ರತಿಗಳಿದ್ದ ಮಾತ್ರಕ್ಕೆ ಬ್ಯಾಕಪ್ ಬೇಡವೆಂದಲ್ಲ. ಪ್ರಧಾನ ಸರ್ವರ್‌ನಲ್ಲಿ ತಪ್ಪಾಗಿ ಅಳಿಸಿದ ದಾಖಲೆ ಪ್ರತಿಗಳಿಂದಲೂ ಅಳಿಸಿಹೋಗುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ಹಿಂದೆ ಬಿದ್ದಿದ್ದ ಪ್ರತಿಯನ್ನು ಸರಿಪಡಿಸಲು ಹೊರಟ ಎಂಜಿನಿಯರ್ ಕಣ್ತಪ್ಪಿನಿಂದ ಪ್ರಧಾನ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ವಿಫಲವಾಗುತ್ತಿದ್ದುದು ಬೆಳಕಿಗೆ ಬಂದದ್ದು ಆಗಲೇ. ಸುಮಾರು ಆರು ಗಂಟೆ ಮೊದಲು ತೆಗೆದಿರಿಸಿದ್ದ ಪ್ರತಿಯೊಂದು ಕೈಹಿಡಿಯಿತು. ಅನಂತರದ ದಾಖಲೆಗಳು ಮರಳಿ ಸಿಗಲಿಲ್ಲ. ಬ್ಯಾಕಪ್‌ನಿಂದ ದತ್ತಾಂಶ ನಿಜಕ್ಕೂ ಮರಳುತ್ತದೆಯೇ ಎಂದು ಆಗಾಗ ಪರೀಕ್ಷಿಸುವುದು ಪ್ರತಿಗಳನ್ನು ಹೆಚ್ಚಿಸುವಷ್ಟೇ ಅಗತ್ಯ.